ನಾಲ್ಕೇ ಕಾಯಿ, ಒಂದೇ ದಾರಿ

ಪ್ರಶ್ನೆ: ಚದುರಂಗದ ಪುಸ್ತಕಗಳಲ್ಲಿ ಆಟದ ಕೊನೆಯ ಹಂತದ ‘ಸ್ಟಡಿ’ ಎಂಬ ಸಮಸ್ಯೆಗಳು ಬರುತ್ತವೆ. ಕೆಲವದರಲ್ಲಿ ಹಲಗೆಯ ಮೇಲೆ ಮೂರು ನಾಲ್ಕು ಕಾಯಿಗಳಷ್ಟೇ ಉಳಿದಿರುತ್ತವೆ. ಬಲ್ಲವರು ಇವನ್ನು ಕಲೆ ಎಂದೇಕೆ ಕರೆಯುತ್ತಾರೆ? ಇಷ್ಟು ಬರಿದಾದ ಹಲಗೆಯಲ್ಲಿ ಅಡಗಿರಲು ಏನಿದೆ?

ಉತ್ತರ: ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡಿದರೆ ಹೆಚ್ಚು ಹೇಳಬೇಕಾಗುವುದಿಲ್ಲ. 1921ರಲ್ಲಿ ಚದುರಂಗದ ಆಟಗಾರ ರಿಚರ್ಡ್ ರೆಟಿ ರಚಿಸಿದ ಸ್ಟಡಿಯಲ್ಲಿ ಇರುವುದು ನಾಲ್ಕೇ ಕಾಯಿ. (ಮನೆಯ ಹೆಸರಿನಲ್ಲಿ ಅಕ್ಷರವು ಎಡದಿಂದ ಬಲಕ್ಕೆ ಎ ಇಂದ ಎಚ್‌ವರೆಗಿನ ಉದ್ದಸಾಲು, ಅಂಕಿಯು ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು.) ಬಿಳಿಯ ರಾಜ ಎಚ್8ರ ಮೂಲೆಯಲ್ಲಿ, ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಾಲಾಳು ಎಚ್5ರಲ್ಲಿ. ಆಡುವ ಸರದಿ ಬಿಳಿಯದು, ಆಟವನ್ನು ಡ್ರಾ ಮಾಡಿಕೊಳ್ಳಬೇಕು. ಮೊದಲ ನೋಟಕ್ಕೆ ಬಿಳಿಗೆ ಉಳಿಗಾಲವಿಲ್ಲ. ಕಪ್ಪು ಕಾಲಾಳು ರಾಣಿಯಾಗಲು ಓಡುತ್ತಿದೆ, ಅದನ್ನು ಹಿಡಿಯಬೇಕಾದ ರಾಜ ಎರಡು ನಡೆಯಷ್ಟು ಹಿಂದಿದ್ದಾನೆ. ಇತ್ತ ಬಿಳಿಯ ಕಾಲಾಳನ್ನು ಕಪ್ಪು ರಾಜ ಯಾವಾಗ ಬೇಕಾದರೂ ಕಬಳಿಸಬಲ್ಲ.

ಎಚ್ ಸಾಲಿನಲ್ಲೇ ನೇರವಾಗಿ ಬೆನ್ನಟ್ಟಿದರೆ ಬಿಳಿ ಸೋಲುತ್ತದೆ. ಸರಿಯಾದ ದಾರಿ ಓರೆಯಾಗಿ ಸಾಗುತ್ತದೆ: ರಾಜ ಜಿ7ಕ್ಕೆ, ಕಪ್ಪು ಕಾಲಾಳು ಎಚ್4ಕ್ಕೆ, ರಾಜ ಎಫ್6ಕ್ಕೆ. ಈಗ ಕಪ್ಪು ತನ್ನ ಕಾಲಾಳನ್ನೇ ಓಡಿಸಿದರೆ ಬಿಳಿ ರಾಜ ಡಿ7ರತ್ತ ನುಗ್ಗಿ ತನ್ನ ಕಾಲಾಳಿಗೆ ಬೆಂಗಾವಲಾಗುತ್ತಾನೆ, ಎರಡೂ ಕಡೆ ರಾಣಿ ಹುಟ್ಟಿ ಆಟ ಡ್ರಾ ಆಗುತ್ತದೆ. ಆದ್ದರಿಂದ ಕಪ್ಪು ರಾಜ ಬಿ6ಕ್ಕೆ ಬಂದು ಸಿ6ರ ಕಾಲಾಳಿಗೆ ಕೈಹಾಕುತ್ತಾನೆ. ಆಗ ಬಿಳಿ ರಾಜ ಇ5ಕ್ಕೆ ಇಳಿಯುತ್ತಾನೆ. ಇಡೀ ಸ್ಟಡಿಯ ಜೀವ ಈ ನಡೆಯಲ್ಲಿದೆ. ಕಪ್ಪು ರಾಜ ಕಾಲಾಳನ್ನು ಕಡಿದರೆ ಅಷ್ಟರಲ್ಲಿ ಅವನ ಎರಡು ನಡೆ ಖರ್ಚಾಗಿರುತ್ತವೆ. ಬಿಳಿ ರಾಜ ಎಫ್4ಕ್ಕೆ ಬಂದು, ಮೊದಲು ಕೈಗೆ ಸಿಗಲಾರದೆಂದು ತೋರಿದ್ದ ಕಾಲಾಳನ್ನು ಹಿಡಿದುಬಿಡುತ್ತಾನೆ. ಕಡಿಯದೆ ಕಾಲಾಳನ್ನು ಎಚ್3ಕ್ಕೆ ತಳ್ಳಿದರೆ ಬಿಳಿ ರಾಜ ಡಿ6ಕ್ಕೆ ಹೋಗಿ ತನ್ನ ಕಾಲಾಳನ್ನು ರಾಣಿಯಾಗಿಸುತ್ತಾನೆ.

ಇದರ ಗುಟ್ಟು ಹಲಗೆಯ ಲೆಕ್ಕಾಚಾರದಲ್ಲಿದೆ. ರಾಜನು ಎಚ್8ರಿಂದ ಎಚ್2ಕ್ಕೆ ನೇರವಾಗಿ ಇಳಿಯಲು ಆರು ನಡೆ ಬೇಕು. ಓರೆಯಾಗಿ ಇ5ರವರೆಗೆ ಹೋಗಿ, ಅಲ್ಲಿಂದ ಮತ್ತೆ ಓರೆಯಾಗಿ ಎಚ್2ಕ್ಕೆ ಬಂದರೂ ಆರೇ ನಡೆ. ಕಾಗದದ ಮೇಲೆ ಗೆರೆ ಎಳೆದರೆ ಎರಡನೆಯ ದಾರಿ ಉದ್ದವಾಗಿ ಕಾಣುತ್ತದೆ, ಚದುರಂಗದ ಹಲಗೆಯಲ್ಲಿ ಅದು ಉದ್ದವಲ್ಲ. ಒಂದೇ ಹೆಜ್ಜೆಯಲ್ಲಿ ಎರಡು ಗುರಿಗಳತ್ತಲೂ ಸಾಗಬಹುದೆಂಬುದು ನಿಯಮಗಳಲ್ಲಿ ಮೊದಲಿನಿಂದಲೂ ಇದ್ದದ್ದೇ. ಅದು ಯಾರ ಕಣ್ಣಿಗೂ ತಪ್ಪದಂತೆ ಕಾಯಿಗಳನ್ನು ಜೋಡಿಸಿಟ್ಟದ್ದು ರೆಟಿಯ ಸಾಧನೆ. ಇನ್ನೊಂದು ಕಾಯಿ ಸೇರಿದ್ದರೂ ಈ ಮಾತು ಇಷ್ಟು ಸ್ಪಷ್ಟವಾಗಿ ಕೇಳುತ್ತಿರಲಿಲ್ಲವೆಂದು ನನಗನ್ನಿಸುತ್ತದೆ.

ಪ್ರಶ್ನೆ: ಆದರೂ ಇವೆಲ್ಲ ಮೇಜಿನ ಮುಂದೆ ಕೂತು ಹೆಣೆದವು. ನಿಜವಾದ ಆಟಕ್ಕೂ ಇವಕ್ಕೂ ಸಂಬಂಧವೇನು?

ಉತ್ತರ: ಸಂಬಂಧವಿಲ್ಲದೆ ಏನಿಲ್ಲ. ಅತ್ಯಂತ ಪ್ರಸಿದ್ಧವಾದ ಸ್ಟಡಿಗಳಲ್ಲೊಂದು 1875ರ ಒಂದು ಆಟವನ್ನು ಆಧರಿಸಿದೆ. ಫೆಂಟನ್ ಮತ್ತು ಪಾಟರ್ ಆಡಿದ ಆ ಆಟದ ಕೊನೆಯನ್ನು ಆಧಾರವಾಗಿಟ್ಟುಕೊಂಡು ಜಾರ್ಜ್ ಬಾರ್ಬಿಯೇ 1895ರಲ್ಲಿ ಗ್ಲಾಸ್ಗೋದ ವಾರಪತ್ರಿಕೆಯೊಂದರ ತಮ್ಮ ಚದುರಂಗದ ಅಂಕಣದಲ್ಲಿ, ಕಪ್ಪು ಆಡಿ ಡ್ರಾ ಮಾಡಿಕೊಳ್ಳಬೇಕೆಂಬ ಸಮಸ್ಯೆಯಾಗಿ ಒಂದು ಸ್ಥಿತಿಯನ್ನು ಕೊಟ್ಟರು. ಅದೇ ಊರಿನಲ್ಲಿ ನೆಲೆಸಿದ್ದ ಸ್ಪೇನಿನ ಪಾದ್ರಿ ಫರ್ನಾಂಡೊ ಸಾವೆದ್ರಾ ಎಂಬ ಓದುಗರು, ಡ್ರಾ ಎಲ್ಲಿಂದ ಬಂತು, ಬಿಳಿ ಗೆಲ್ಲುತ್ತದೆ ಎಂದು ತೋರಿಸಿಕೊಟ್ಟರು. ಓದುಗರ ಪತ್ರಗಳಿಗೆ ಅಂಕಣಕಾರರು ಅಂಜುವುದು ಸುಮ್ಮನೆ ಅಲ್ಲ.

ಇಂದು ಅಚ್ಚಾಗುವ ರೂಪದಲ್ಲಿ ಬಿಳಿಯ ರಾಜ ಬಿ6ರಲ್ಲಿ, ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ1ರಲ್ಲಿ, ಆನೆ ಡಿ5ರಲ್ಲಿ. ಬಿಳಿ ಕಾಲಾಳನ್ನು ಸಿ7ಕ್ಕೆ ನೂಕುತ್ತದೆ, ಕಪ್ಪು ಆನೆ ಡಿ6ರಿಂದ ಚೆಕ್ ಕೊಡುತ್ತದೆ. ಬಿಳಿ ರಾಜ ಒಂದೊಂದು ಚೆಕ್‌ಗೂ ಬಿ ಸಾಲಿನಲ್ಲೇ ಒಂದೊಂದು ಮನೆ ಕೆಳಗಿಳಿಯುತ್ತಾ ಬಿ3ರವರೆಗೆ ಬಂದು, ಕೊನೆಯ ಚೆಕ್‌ಗೆ ಸಿ2ಕ್ಕೆ ಸರಿಯುತ್ತಾನೆ. ಇನ್ನು ಚೆಕ್ ಕೊಡಲು ಜಾಗವಿಲ್ಲ. ಕಪ್ಪು ಆಗ ಆನೆಯನ್ನು ಡಿ4ಕ್ಕೆ ಇಟ್ಟು ಬಲೆ ಬೀಸುತ್ತದೆ: ಬಿಳಿಯ ಕಾಲಾಳು ರಾಣಿಯಾದರೆ ಆನೆ ಸಿ4ರಲ್ಲಿ ಚೆಕ್ ಕೊಡುತ್ತದೆ, ರಾಣಿ ಅದನ್ನು ಕಡಿದ ಕೂಡಲೇ ಕಪ್ಪು ರಾಜನಿಗೆ ಹೋಗಲು ಒಂದು ಮನೆಯೂ ಉಳಿಯದೆ ಸ್ಟೇಲ್‌ಮೇಟ್, ಅಂದರೆ ಡ್ರಾ, ಆಗುತ್ತದೆ. ಬಾರ್ಬಿಯೇ ಕಂಡಿದ್ದು ಇಲ್ಲಿಯವರೆಗೆ. ಸಾವೆದ್ರಾ ಮುಂದಿನದನ್ನು ಕಂಡರು. ಕಾಲಾಳು ಸಿ8ರಲ್ಲಿ ರಾಣಿಯಾಗದೆ ಆನೆಯಾಗಬೇಕು! ಆಗ ಎ8ರಿಂದ ಮೇಟ್ ಆಗುವ ಅಪಾಯ ಎದುರಾಗುವುದರಿಂದ ಕಪ್ಪು ಆನೆ ಎ4ಕ್ಕೆ ಓಡಲೇಬೇಕು, ಬಿಳಿ ರಾಜ ಬಿ3ಕ್ಕೆ ಬಂದರೆ ಒಂದೇ ನಡೆಯಲ್ಲಿ ಆ ಆನೆಯ ಮೇಲೂ ದಾಳಿ, ಸಿ1ರಲ್ಲಿ ಮೇಟ್ ಬೆದರಿಕೆಯೂ. ಎರಡನ್ನೂ ತಡೆಯಲಾಗದು.

ಪ್ರಶ್ನೆ: ಒಂದು ಸ್ಟಡಿಗೆ ಎರಡು ಉತ್ತರಗಳು ಸಿಕ್ಕರೆ?

ಉತ್ತರ: ಅದು ಕೆಟ್ಟಿತೆಂದೇ ಅರ್ಥ. ಮುಖ್ಯ ಸರಣಿಯಲ್ಲಿ ಬಿಳಿಗೆ ಪ್ರತಿ ಹಂತದಲ್ಲೂ ಒಂದೇ ಸರಿಯಾದ ನಡೆ ಇರಬೇಕೆಂಬುದು ರಚನಾಕಾರರ ಕಟ್ಟುಪಾಡು. ಉಪಕವಲುಗಳಲ್ಲಿ ಅಷ್ಟು ಬಿಗಿಯಿಲ್ಲ; ರೆಟಿಯ ಸ್ಟಡಿಯಲ್ಲೇ ಕಪ್ಪು ಕಾಲಾಳು ಬೇಗ ಎಚ್3ಕ್ಕೆ ಓಡಿದರೆ ಬಿಳಿ ರಾಜ ಇ6, ಇ7 ಎರಡರ ಮೂಲಕವೂ ಡಿ7 ತಲುಪಬಹುದು, ಅದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ರಚನಾಕಾರರ ಶ್ರಮವೆಲ್ಲ ಹೆಚ್ಚಾಗಿ ಹೋಗುವುದು ಸರಿಯುತ್ತರವನ್ನು ಕಟ್ಟುವುದಕ್ಕಲ್ಲ, ಉಳಿದ ದಾರಿಗಳನ್ನೆಲ್ಲ ಕೂದಲೆಳೆಯಷ್ಟರಲ್ಲಿ ಸೋಲುವಂತೆ ಮಾಡುವುದಕ್ಕೆ. ಹಲಗೆಯ ಮೇಲೆ ಆಡದೇ ಉಳಿದ ಆ ನಡೆಗಳಲ್ಲೇ ಜಟಿಲತೆ ಇರುತ್ತದೆ.

ಪ್ರಶ್ನೆ: ಕಂಪ್ಯೂಟರ್ ಎಲ್ಲವನ್ನೂ ಲೆಕ್ಕ ಹಾಕಿರುವಾಗ ಈ ಕಲೆಗೆ ಇನ್ನು ಬೆಲೆಯಿದೆಯೇ?

ಉತ್ತರ: ಏಳು ಕಾಯಿಗಳವರೆಗಿನ ಸ್ಥಿತಿಗಳಿಗೆ ಫಲಿತಾಂಶವನ್ನು ಕರಾರುವಾಕ್ಕಾಗಿ ಹೇಳುವ ಟೇಬಲ್‌ಬೇಸ್‌ಗಳು 2012ರ ಹೊತ್ತಿಗೆ ಮಾಸ್ಕೋದಲ್ಲಿ ಸಿದ್ಧವಾದವು. ಕಂಪ್ಯೂಟರಿನ ಇಂಥ ಲೆಕ್ಕಗಳು ಹಲವು ನಂಬಿಕೆಗಳನ್ನು ಮುರಿದಿವೆ. ಎರಡು ಒಂಟೆಗಳು ಒಂಟಿ ಕುದುರೆಯನ್ನು ಸೋಲಿಸಲಾರವೆಂದು 1851ರಿಂದ ನಂಬಿದ್ದ ಒಂದು ಸ್ಥಿತಿ ಗೆಲುವಿನದೆಂದು ಕಂಪ್ಯೂಟರೇ ತೋರಿಸಿದ್ದು. ಮೇಟ್ ಮಾಡಲು 549 ನಡೆ ಬೇಕಾಗುವ ಏಳು ಕಾಯಿಯ ಸ್ಥಿತಿಯೂ ಈ ಟೇಬಲ್‌ಬೇಸ್‌ಗಳಲ್ಲಿ ಸಿಕ್ಕಿತು. ಆದರೆ ಆ 549 ನಡೆಗಳ ಬಹುಭಾಗ ಪರಿಣತರಿಗೂ ಅರ್ಥವಾಗದ ಓಡಾಟ; ಯಾವ ನಡೆ ಏಕೆಂದು ಯಾರೂ ವಿವರಿಸಲಾರರು. ಉದ್ದವಾದುದೆಲ್ಲ ಆಳವಾದುದಲ್ಲವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ರೆಟಿಯ ಆರು ನಡೆಗಳನ್ನು ಒಮ್ಮೆ ಕಂಡ ಆಟಗಾರ ಮುಂದೆ ಕಾಲಾಳುಗಳ ಆಟದಲ್ಲಿ ರಾಜನನ್ನು ಓರೆಯಾಗಿ ನಡೆಸುವುದನ್ನು ಮರೆಯುವುದಿಲ್ಲ. ಇಂದಿನ ರಚನಾಕಾರರು ಕಂಪ್ಯೂಟರನ್ನು ದೋಷ ಹುಡುಕುವ ಪರೀಕ್ಷಕನಂತೆ ಬಳಸುತ್ತಾರೆ, ಅದು ನ್ಯಾಯವೇ.

ಪ್ರಶ್ನೆ: ಬಿಡಿಸುವ ಅಭ್ಯಾಸವನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಕಾಯಿಗಳನ್ನು ಹಲಗೆಯ ಮೇಲೆ ಜೋಡಿಸಿ, ಕಂಪ್ಯೂಟರನ್ನು ದೂರವಿಟ್ಟು, ಮೊದಲು ಎದುರಾಳಿ ಹೇಗೆ ಪಾರಾಗಬಲ್ಲನೆಂದು ಹುಡುಕಿರಿ. ಮೇಲಿನ ಸಾವೆದ್ರಾ ಸ್ಥಿತಿಯಿಂದಲೇ ತೊಡಗಬಹುದು: ಎರಡನೆಯ ನಡೆಯಲ್ಲಿ ಬಿಳಿ ರಾಜ ಬಿ5ಕ್ಕೆ ಹೋಗುವ ಬದಲು ಸಿ5ಕ್ಕೆ ಹೋದರೆ ಗೆಲುವು ಕೈತಪ್ಪುತ್ತದೆ. ಕಪ್ಪು ಇದಕ್ಕೆ ಏನು ಆಡಬೇಕು? ಸುಳಿವು: ಆ ನಡೆ ಚೆಕ್ ಅಲ್ಲ.