ವೈದ್ಯರನ್ನು ಎಣಿಕೆಯಿಂದ ನೆನೆಯಬೇಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಡಾ. ಎಂ. ಶಿವರಾಂ (ರಾಶಿ) ಅವರನ್ನು ಕುರಿತ ನಾಲ್ಕು ಪುಟಗಳ ಲೇಖನ ಓದಿದೆ. ಹಾಸ್ಯ ಬರಹಗಾರರಾಗಿ ಅವರು ದೊಡ್ಡವರೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ವೈದ್ಯರೆಂದು ನೆನೆಯುವುದಾದರೆ, ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟ ನಮ್ಮ ಬೀಳಗಿಯ ಡಾ. ಎಂ. ಸಿ. ಮೋದಿಯವರಂಥವರನ್ನು ಬಿಟ್ಟು, ಕ್ಲಿನಿಕ್ ಇಟ್ಟುಕೊಂಡು ಸಂಸಾರ ಸಾಗಿಸಿದ ವೈದ್ಯರೊಬ್ಬರಿಗೆ, ಅದರಲ್ಲೂ ಅವರ ಮನೆ-ಮಕ್ಕಳ ಸಂಗತಿಗೆ, ಇಷ್ಟು ಜಾಗ ಬೇಕಿತ್ತೇ?
– ಬಾಗಲಕೋಟೆಯ ಓದುಗರೊಬ್ಬರು

ಸಂಪಾದಕರ ಉತ್ತರ:

ಒಪ್ಪಬೇಕಾದುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಡಾ. ಮೋದಿಯವರು 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯಲ್ಲಿದೆ. ಊರೂರಿನಲ್ಲಿ ನೇತ್ರ ಶಿಬಿರ ನಡೆಸಿ, ಆಸ್ಪತ್ರೆಯ ಮೆಟ್ಟಿಲು ಹತ್ತಲಾಗದವರ ಬಳಿಗೆ ತಾವೇ ನಡೆದುಹೋದ ಆ ಮಹನೀಯರ ಹೆಸರಿಗೆ ಈ ಪತ್ರಿಕೆ ಎಂದೂ ತಲೆಬಾಗುತ್ತದೆ.

ಆದರೆ ‘ಕ್ಲಿನಿಕ್ ಇಟ್ಟುಕೊಂಡು ಸಂಸಾರ ಸಾಗಿಸಿದ ವೈದ್ಯರು’ ಎಂಬ ತಮ್ಮ ಮಾತನ್ನು ನಾನು ಸುಮ್ಮನೆ ಬಿಡಲಾರೆ. ಬೆಂಗಳೂರಿನ ಮೆಜೆಸ್ಟಿಕ್ ಸುತ್ತಿನಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಶಿವರಾಂ ಅವರು ‘ಕೊರವಂಜಿ’ಯನ್ನು ಆರಂಭಿಸಿದ್ದು 1942ರಲ್ಲಿ. ಮಹಾಯುದ್ಧದ ನಡುಗಾಲ, ಅಚ್ಚಿನ ಕಾಗದಕ್ಕೂ ಅಭಾವ. ಕೈಯಲ್ಲಿ ನಡೆಯುವ ವೃತ್ತಿಯಿದ್ದ ವೈದ್ಯರೊಬ್ಬರು ಆ ಹೊತ್ತಿನಲ್ಲಿ ಹಾಸ್ಯಕ್ಕೆಂದೇ ಒಂದು ಮಾಸಪತ್ರಿಕೆ ತೆರೆಯುವುದೆಂದರೆ, ಜನರ ನೋವನ್ನು ಸ್ಟೆತಾಸ್ಕೋಪಿನಿಂದ ಮಾತ್ರ ಕೇಳಿದರೆ ಸಾಲದು ಎಂದು ಅವರಿಗೆ ಅನಿಸಿತ್ತೆಂದೇ ನಾನು ತಿಳಿಯುತ್ತೇನೆ. ನಾ. ಕಸ್ತೂರಿಯವರ ಲೇಖನಿಗೆ ಅಲ್ಲಿ ಜಾಗ ಸಿಕ್ಕಿತು. ಹೆಂಗಸರು ನಗೆಬರಹ ಬರೆಯುವುದನ್ನೇ ಜನ ಕಾಣದಿದ್ದ ಕಾಲದಲ್ಲಿ ಟಿ. ಸುನಂದಮ್ಮನವರು ಅಲ್ಲಿ ಬರೆದರು. ಮುಂದೆ ದೇಶಕ್ಕೇ ಹೆಸರಾದ ಆರ್. ಕೆ. ಲಕ್ಷ್ಮಣ್, ಇನ್ನೂ ಎಳೆಯ ವಯಸ್ಸಿನಲ್ಲಿ ಅಲ್ಲಿ ಗೆರೆ ಎಳೆದರು. ರೋಗಿಗಳನ್ನು ನೋಡುತ್ತಲೇ 25 ವರ್ಷ, 1967ರವರೆಗೆ, ಅವರು ಆ ಪತ್ರಿಕೆಯನ್ನು ನಡೆಸಿಕೊಂಡು ಬಂದರು. ತಿಂಗಳು ತಿಂಗಳೂ ಸಂಚಿಕೆಯನ್ನು ಅಚ್ಚಿಗೆ ಕಳಿಸುವ ಕೆಲಸ ಎಂಥದೆಂದು ಬಲ್ಲ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಅವರ ಮನೆ-ಮಕ್ಕಳ ಸಂಗತಿ ಬಂದುದೂ ಇದೇ ಕಾರಣಕ್ಕೆ. ಹಗಲೆಲ್ಲ ರೋಗಿಗಳಿಗೆ ಕೊಟ್ಟು, ಉಳಿದ ಹೊತ್ತನ್ನು ಕರಡು ತಿದ್ದುವುದಕ್ಕೆ ಕೊಡುವ ಮನುಷ್ಯ ಆ ಹೊತ್ತನ್ನು ತರುವುದು ಹೆಂಡತಿ-ಮಕ್ಕಳ ಪಾಲಿನಿಂದಲೇ ಅಲ್ಲವೇ? ಹಾಗೆ ಪಾಲು ಕಳೆದುಕೊಂಡ ಎಷ್ಟೋ ಮನೆಗಳ ಮಕ್ಕಳು ಅಪ್ಪನ ಕೆಲಸದ ಹೆಸರೆತ್ತಿದರೆ ಮುಖ ತಿರುಗಿಸುವುದನ್ನು ನಾನು ಕಂಡಿದ್ದೇನೆ. ರಾಶಿಯವರ ಮನೆಯಲ್ಲಿ ಹಾಗಾಗಲಿಲ್ಲ. ಕೊರವಂಜಿಯ ದಾರಿಯಲ್ಲೇ 1983ರಲ್ಲಿ ಹೊರಟ ‘ಅಪರಂಜಿ’ಗೆ ಹೆಗಲು ಕೊಟ್ಟವರು ಅವರ ಮಗ. ತಂದೆಯ ಕೆಲಸ ಮನೆಯವರಿಗೆ ಹೊರೆಯಾಗದೆ ಹೆಮ್ಮೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಇನ್ನು ವೈದ್ಯರಾಗಿ ಅವರು ಬಿಟ್ಟುಹೋದದ್ದೇನು? ‘ಮನಮಂಥನ’ವನ್ನು ತಾವು ಓದಿಲ್ಲವೆಂದು ತೋರುತ್ತದೆ, ಓದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮನೋವೈದ್ಯವನ್ನು ಕುರಿತ ಆ ಕನ್ನಡ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕಾದಂಬರಿಗೆ, ಕಾವ್ಯಕ್ಕೆ, ವಿಮರ್ಶೆಗೆ ಸಲ್ಲುವ ಗೌರವ ಒಬ್ಬ ವೈದ್ಯನ ವೃತ್ತಿಯಿಂದ ಹುಟ್ಟಿದ ಬರಹಕ್ಕೆ ಸಂದದ್ದು ಎಷ್ಟು ಅಪರೂಪವೆಂದು ಯೋಚಿಸಿ. ಮನಸ್ಸಿನ ಕಾಯಿಲೆಗೆ ಔಷಧವೆಂದು ಹೇಳಬಹುದಾದ ಕ್ಲೋರ್‌ಪ್ರೊಮಜಿನ್ ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದದ್ದೇ 1952ರಲ್ಲಿ. ಮುಂದೆ ನಿಮ್ಹಾನ್ಸ್ ಆಗಿ ಬೆಳೆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ ತೆರೆದದ್ದು 1954ರಲ್ಲಿ. ಅದಕ್ಕೂ ಮೊದಲಿನ ದಿನಗಳಲ್ಲಿ ಹೆಚ್ಚಿನ ಸಂಸಾರಗಳು ಮನಸ್ಸಿನ ನೋವನ್ನು ದೆವ್ವವೆಂದೋ ಗ್ರಹಚಾರವೆಂದೋ ಬಚ್ಚಿಡುತ್ತಿದ್ದವು. ವೈದ್ಯನ ಕೈಯಲ್ಲಿದ್ದ ದೊಡ್ಡ ಸಾಧನವೆಂದರೆ ಎದುರಿಗೆ ಕೂತವನ ಮಾತನ್ನು, ಅವನದೇ ನುಡಿಯಲ್ಲಿ, ಪೂರ್ತಿ ಕೇಳುವುದು. ಹಾಗೆ ಕೇಳಿಸಿಕೊಳ್ಳುವ ಕಾಲದಿಂದ ಬಂದ ವೈದ್ಯರು ತಾವು ಅರಿತದ್ದನ್ನು ಮತ್ತೆ ಜನರ ನುಡಿಯಲ್ಲೇ ಬರೆದಿಟ್ಟರು. ಇದನ್ನು 833ರ ಪಕ್ಕದಲ್ಲಿಟ್ಟು ತೂಗಲು ತಕ್ಕಡಿ ಎಲ್ಲಿಂದ ತರುವುದು?

ಅಂಥ ವೈದ್ಯರನ್ನು ಕಂಡ ಪೀಳಿಗೆಯವನು ನಾನು. ನಮ್ಮೂರಿನ ಡಾಕ್ಟರ ಬಳಿಗೆ ಹೋಗುವಾಗ ಮನೆಯಿಂದಲೇ ತೊಳೆದ ಸೀಸೆ ಒಯ್ಯಬೇಕಿತ್ತು. ಕಾಂಪೌಂಡರು ಕೆಂಪು ಮಿಕ್ಸ್ಚರನ್ನು ಅದಕ್ಕೆ ತುಂಬಿ, ಕಾಗದದ ಪಟ್ಟಿಯನ್ನು ಮಡಿಸಿ ಕತ್ತರಿಯಿಂದ ಅಂಚಿಗೆ ಕಚ್ಚು ಹಾಕಿ, ಹೊತ್ತಿಗೆಷ್ಟು ಎಂದು ತಿಳಿಯುವಂತೆ ಸೀಸೆಯ ಮೈಗೆ ಅಂಟಿಸುತ್ತಿದ್ದರು. ಓದು ಬಾರದ ನನ್ನ ಅಜ್ಜಿ ಬೆರಳಿನಿಂದ ಆ ಕಚ್ಚುಗಳನ್ನು ಮುಟ್ಟಿ ನೋಡಿ ಯಾರ ಹಂಗೂ ಇಲ್ಲದೆ ಔಷಧ ಕುಡಿಯುತ್ತಿದ್ದಳು. ತನಗೇನಾಗಿದೆ, ಏನು ಕುಡಿಯುತ್ತಿದ್ದೇನೆ, ಎಷ್ಟು ದಿನ ಎಂಬುದು ಅವಳಿಗೆ ಗೊತ್ತಿತ್ತು, ಏಕೆಂದರೆ ಡಾಕ್ಟರು ಅದನ್ನು ಅವಳಿಗೇ ಹೇಳಿದ್ದರು.

ಈಚೆಗೆ ನನ್ನ ಸೋದರತ್ತೆ ದೊಡ್ಡ ಆಸ್ಪತ್ರೆಯೊಂದರಿಂದ ಗುಣವಾಗಿ ಬಂದರು. ಚಿಕಿತ್ಸೆಯಲ್ಲಿ ಕೊರತೆಯಿರಲಿಲ್ಲ. ಆದರೆ ಕೈಯಲ್ಲಿದ್ದ ಡಿಸ್ಚಾರ್ಜ್ ಸಮರಿಯ ಹಾಳೆಗಳಲ್ಲಿ ಅವರ ಹೆಸರನ್ನೂ ಸೇರಿಸಿ ಕನ್ನಡದ ಒಂದು ಅಕ್ಷರವಿರಲಿಲ್ಲ. “ನನಗೆ ಏನಾಗಿತ್ತೋ, ಸ್ವಲ್ಪ ಓದಿ ಹೇಳೋ” ಎಂದು ಅವರು ನನ್ನನ್ನು ಕೇಳಿದರು. ಐದು ದಶಕ ಕನ್ನಡದಲ್ಲಿ ಮನೆ ನಡೆಸಿದ ಹೆಂಗಸಿಗೆ ತನ್ನ ಮೈಯ ಸುದ್ದಿ ತಿಳಿಯಲು ತಮ್ಮನ ಮಗ ಬೇಕಾಯಿತು.

ಇದು ಕನ್ನಡಕ್ಕೆ ಶಕ್ತಿಯಿಲ್ಲದ್ದರಿಂದ ಬಂದ ಸ್ಥಿತಿಯಲ್ಲ. 12ನೆಯ ಶತಮಾನದಲ್ಲಿ ಕೀರ್ತಿವರ್ಮ ದನಕರುಗಳ ಚಿಕಿತ್ಸೆಯನ್ನು ‘ಗೋವೈದ್ಯ’ದಲ್ಲಿ ಕನ್ನಡದಲ್ಲೇ ಬರೆದ. 14ನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಪದ್ಯದಲ್ಲೇ ಹೇಳಿದ. ಡಾ. ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಎಷ್ಟು ಮನೆಗಳ ಬಾಣಂತಿಯರ ಕೈಸೇರಿತೆಂಬುದನ್ನು ತಮ್ಮ ಮನೆಯ ಹಿರಿಯರನ್ನೇ ಕೇಳಿ ನೋಡಿ. ದನದ ಕಾಯಿಲೆಯನ್ನೂ ಹಾವಿನ ವಿಷವನ್ನೂ ತಾಯ್ತನದ ತಳಮಳವನ್ನೂ ಹೇಳಬಲ್ಲ ನುಡಿಗೆ, ಒಬ್ಬ ರೋಗಿಯ ಎರಡು ಹಾಳೆ ವಿವರ ಭಾರವಾಗುತ್ತದೆಂದರೆ ನಾನು ನಂಬುವುದಿಲ್ಲ. ಕೊರತೆಯಿರುವುದು ಹೇಳಬೇಕೆಂಬ ಮನಸ್ಸಿನಲ್ಲಿ. ಇಂದು ವೈದ್ಯರು ತೀರಿಕೊಂಡಾಗ ಬರುವ ಶ್ರದ್ಧಾಂಜಲಿಗಳನ್ನು ನೋಡಿ: ಪದವಿಗಳ ಸಾಲು, ಹುದ್ದೆಗಳ ಸಾಲು, ಶಸ್ತ್ರಚಿಕಿತ್ಸೆಗಳ ಲೆಕ್ಕ. ರೋಗಿಯೊಡನೆ ಅವರು ಹೇಗೆ ಮಾತಾಡುತ್ತಿದ್ದರು, ಮನೆಯಲ್ಲಿ ಎಂಥ ಗಂಡ, ಎಂಥ ತಂದೆಯಾಗಿದ್ದರು ಎಂಬ ಒಂದು ಸಾಲಿಗೂ ಅಲ್ಲಿ ಜಾಗವಿರುವುದಿಲ್ಲ.

ತಮ್ಮನ್ನು ಇಷ್ಟು ಗದರಿಸುವ ಸಲಿಗೆ ನನಗೆ ಬಂದದ್ದು ತಮ್ಮ ಪತ್ರದ ಕೊನೆಯಲ್ಲಿದ್ದ, ಮೇಲೆ ಅಚ್ಚು ಹಾಕದೆ ಉಳಿಸಿಕೊಂಡ ಒಂದು ಸಾಲಿನಿಂದ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆಸಿಕೊಂಡ ತಮ್ಮ ಅಜ್ಜಿ, ಪಟ್ಟಿ ಬಿಚ್ಚಿದಾಗ ಮೊದಲು ತಮ್ಮ ಅಂಗಿಯ ಹರಿದ ಗುಂಡಿಮನೆಯನ್ನು ಕಂಡು “ಯಾಕೋ ತಮ್ಮಾ, ಯಾರೂ ಹೊಲಿದು ಕೊಡಲಿಲ್ಲೇನು?” ಎಂದು ಕೇಳಿದರೆಂದು ಬರೆದಿದ್ದೀರಿ. ಡಾ. ಮೋದಿಯವರು ಮಾಡಿದ ಕೆಲಸವೇನೆಂದು ನನಗೆ ಮನದಟ್ಟಾದದ್ದು ಆ ಸಾಲಿನಲ್ಲೇ ಹೊರತು ದಾಖಲೆಯ ಅಂಕಿಯಲ್ಲಲ್ಲ. ಅದನ್ನು ಬರೆದುಕೊಡಿ. ಶಿಬಿರ ಯಾವ ಊರಿನಲ್ಲಿ ನಡೆಯಿತು, ಅಜ್ಜಿಯನ್ನು ಗಾಡಿಯಲ್ಲಿ ಕರೆದೊಯ್ದವರು ಯಾರು, ಅಷ್ಟು ಜನಕ್ಕೆ ಅಡುಗೆ ಯಾರು ಮಾಡಿದರು, ಡಾಕ್ಟರು ಅಜ್ಜಿಯೊಡನೆ ಏನು ಮಾತಾಡಿದರು ಎಂಬುದೆಲ್ಲ ಇರಲಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೂ ನಾಲ್ಕು ಪುಟ ತೆಗೆದಿಟ್ಟಿದ್ದೇನೆ. ತಿಂಗಳ 10ರೊಳಗೆ ತಲುಪಿದರೆ ಅನುಕೂಲ.