ಸಣ್ಣ ಕಾರು ಹೈವೇಯಲ್ಲಿ 90 ದಾಟಿದರೆ ಯಾಕೆ ತೇಲಿದ ಹಾಗಾಗುತ್ತೆ?

ಊರೊಳಗೆ ಕಾರು ಚೆನ್ನಾಗೇ ಇದೆ, ಬೆಂಗಳೂರು ಹೈವೇ ಹತ್ತಿ 90 ದಾಟಿದರೆ ಸ್ಟಿಯರಿಂಗ್ ಹಗುರವಾಗಿ ಆ ಕಡೆ ಈ ಕಡೆ ಹೊಯ್ದಾಡುತ್ತೆ, ಪಕ್ಕದಲ್ಲಿ ಬಸ್ ಹೋದರಂತೂ ಜೀವ ಬಾಯಿಗೆ ಬರುತ್ತೆ ಅಂದಿದ್ದೀರಿ. "ಸಣ್ಣ ಕಾರು ಅಂದ್ರೆ ಹಂಗೇ, ದೊಡ್ಡದು ತಗೊಳ್ಳಿ" ಅಂತ ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ. ನನಗೂ ಹೇಳಿದ್ದರು. ಅದು ಅರ್ಧ ನಿಜ. ಉಳಿದರ್ಧ ರಿಪೇರಿಯಲ್ಲಿ ಹೋಗುವಂಥದ್ದು.

ನಾನು ಮಂಡ್ಯದವನು. ನನ್ನದು ಹನ್ನೊಂದು ವರ್ಷದ ಹಳೇ ಕಾರು, 145 ಮಿಲಿಮೀಟರ್ ಅಗಲದ ಟೈರು. ಮುಂಚೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಾ ಊರೊಳಗೇ ಹಾದು, ಟ್ರಾಕ್ಟರ್ ಹಿಂದೆ ತೆವಳಿ ಹೋಗಬೇಕಿತ್ತು. 90ರಲ್ಲಿ ಹತ್ತು ನಿಮಿಷ ಒಂದೇ ಸಮ ಓಡಿಸಿದ ನೆನಪೇ ಇಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೈವೇ ಉದ್ಘಾಟನೆ ಆಯ್ತಲ್ಲ, ಆಮೇಲೆ ಬೈಪಾಸ್ ಮೇಲೆ ಬೈಪಾಸ್. ಕಾರಿನೊಳಗೆ ವರ್ಷಗಟ್ಟಲೆ ಸುಮ್ನೆ ಕೂತಿದ್ದ ಕಾಯಿಲೆಗಳೆಲ್ಲ ಆಗ ಹೊರಗೆ ಬಂದವು.

ನಾನು ಮೊದಲು ಮಾಡಿಸಿದ್ದು ವೀಲ್ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡಿಸುವುದು. ದುಡ್ಡು ದಂಡ. ಬ್ಯಾಲೆನ್ಸಿಂಗ್ ಹೋಗಿದ್ದರೆ ಸ್ಟಿಯರಿಂಗ್ ಕೈಯಲ್ಲಿ ಗಡಗಡ ನಡುಗುತ್ತೆ, 80ರಿಂದ 100ರ ನಡುವೆ ಜಾಸ್ತಿ. ನನ್ನದು ನಡುಗುತ್ತಿರಲಿಲ್ಲ, ಅಲೆದಾಡುತ್ತಿತ್ತು. ಎರಡೂ ಬೇರೆ ಕಾಯಿಲೆ. ಒಂದೇ ಕಡೆಗೆ ಎಳೆಯುತ್ತಿದ್ದರೆ ಅದು ಮೂರನೆಯದು.

ಆಮೇಲೆ ಸ್ವಂತಕ್ಕೊಂದು ಗೇಜ್ ತಗೊಂಡು, ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿದೆ. ಮುಂದಿನ ಎರಡರಲ್ಲಿ 35, 34 ಪಿಎಸ್‌ಐ. ಹಿಂದೆ ಎಡಗಡೆ 22! ಬಂಕಿನ ಹುಡುಗ ಪೈಪು ಎಟುಕಲಿಲ್ಲ ಅಂತ ಬಿಟ್ಟಿದ್ದನೋ ಏನೋ. ಹಿಂದಿನ ಟೈರಲ್ಲಿ ಗಾಳಿ ಕಡಿಮೆ ಇದ್ದರೆ ಅದರ ಪಕ್ಕೆ ಮೆತ್ತಗಾಗುತ್ತೆ. ಸ್ಟಿಯರಿಂಗ್ ತಿರುಗಿಸಿದರೆ ಮೂತಿ ತಕ್ಷಣ ತಿರುಗುತ್ತೆ, ಹಿಂಭಾಗ ಒಂದು ಗಳಿಗೆ ತಡವಾಗಿ ವಾಲಿಕೊಂಡು ಬರುತ್ತೆ. ನೀವು ತೇಲುತ್ತೆ ಅನ್ನುವುದು ಬಹುಶಃ ಇದನ್ನೇ. ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿರುತ್ತೆ. ಜನ ತುಂಬಿದಾಗ ಹಿಂದಿನದಕ್ಕೆ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೂ ನೋಡಿ. ಹಂಗೇ ಟೈರಿನ ವಯಸ್ಸೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 1417 ಅಂದರೆ 2017ರ 14ನೇ ವಾರ ತಯಾರಾದದ್ದು. ಎರಡೇ ಹೊಸ ಟೈರು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ಅಂಗಡಿಯವರು ಮುಂದಕ್ಕೇ ಅನ್ನುತ್ತಾರೆ, ಕೇಳಬೇಡಿ. ಮಳೆಯಲ್ಲಿ ಮುಂದಿನದು ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸುಧಾರಿಸಬಹುದು, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತೆ.

ಗಾಳಿ ಸರಿ ಮಾಡಿದ ಮೇಲೆ ಮುಕ್ಕಾಲು ಪಾಲು ಸರಿಯಾಯಿತು. ಉಳಿದದ್ದಕ್ಕೆ ನಮ್ಮ ಬೀದಿ ಕೊನೆಯ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಜಾಕ್ ಕೊಟ್ಟು ಎತ್ತಿ, ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಆಮೇಲೆ ಕೆಳಗೆ ತೂರಿ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಸಂದಿಗೆ ಉದ್ದನೆಯ ಲಿವರ್ ಹಾಕಿ ಮೀಟಿದ. ಆ ಆರ್ಮನ್ನು ಕಾರಿಗೆ ಕೂಡಿಸುವ ಬುಶ್‌ನ ರಬ್ಬರು ಸವೆದ ಹವಾಯಿ ಚಪ್ಪಲಿ ಥರ ಬಿರುಕು ಬಿಟ್ಟಿತ್ತು, ಮೀಟಿದರೆ ಬಾಯಿ ತೆರೆಯುತ್ತಿತ್ತು. "ಬುಶ್ ಸತ್ತೋಗದೆ ಸಾ. ಚಕ್ರ ಅದರ ಇಷ್ಟಕ್ಕೆ ಓಡಾಡ್ತಾ ಅದೆ, ನೀವ್ ಸ್ಟೇರಿಂಗ್ ಹಿಡ್ಕಂಡು ಏನ್ ಮಾಡೀರಿ?" ಅಂದ. ಎರಡೂ ಕಡೆ ಬುಶ್, ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಒಂದು ಟೈ ರಾಡ್ ಎಂಡ್ ಬದಲಾಯಿಸಿದ ಮೇಲೇ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿದ್ದು. ಈ ಕ್ರಮ ತಪ್ಪಿಸಬೇಡಿ. ಬುಶ್ ಸಡಿಲ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಮೊದಲ ಗುಂಡಿಗೇ ಲೆಕ್ಕ ತಪ್ಪುತ್ತೆ. ಕಾರು ಉಬ್ಬಿನ ಮೇಲೆ ಹೋದಾಗ ಒಂದು ಸಲ ಕುಣಿದು ನಿಲ್ಲದೆ ಕುಣಿಯುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ.

ಇನ್ನೊಂದು, ನಮ್ಮ ಕಡೆಯವರದ್ದೇ ತಪ್ಪು. ಊರಿಂದ ಹೊರಡುವಾಗ ಡಿಕ್ಕಿಗೆ ಅಕ್ಕಿ ಮೂಟೆ, ಬೆಲ್ಲ, ನಲವತ್ತು ತೆಂಗಿನಕಾಯಿ. "ಇನ್ನೆರಡು ಕಾಯಿ ಇಟ್ಕೋ ಮಗ" ಅಂತ ಅಮ್ಮ ಬೇರೆ. ಹಿಂದೆ ಭಾರ ಕೂತರೆ ಮುಂದಿನ ಚಕ್ರದ ಮೇಲೆ ಒತ್ತಡ ಕಡಿಮೆಯಾಗುತ್ತೆ, ಸ್ಟಿಯರಿಂಗ್ ಹಗುರವಾಗುತ್ತೆ. ಈಗ ನಾನು ಮೂಟೆಯನ್ನು ಹಿಂದಿನ ಸೀಟಿನ ಕಾಲ ಬುಡಕ್ಕೆ ಹಾಕುತ್ತೇನೆ.

ಇಷ್ಟಾದ ಮೇಲೆ ಉಳಿಯುವುದು ಸಣ್ಣ ಕಾರಿನ ಹುಟ್ಟುಗುಣ. ಹೊರಗಿನಿಂದ ಕಾರಿಗೆ ಬಡಿಯುವ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ: 50ರಿಂದ 100ಕ್ಕೆ ಹೋದರೆ ಎರಡರಷ್ಟಲ್ಲ, ನಾಲ್ಕರಷ್ಟು. ತಡೆಯಲಿಕ್ಕೆ ಇರುವುದು ಮುಕ್ಕಾಲು ಟನ್ ತೂಕ, ಅಂಗೈಯಗಲ ನೆಲ ಮುಟ್ಟುವ ನಾಲ್ಕು ಟೈರು. ಚಕ್ರಗಳ ನಡುವಿನ ಅಂತರವೂ ಕಡಿಮೆ, ಹಾಗಾಗಿ ಸಣ್ಣ ನೂಕಿಗೂ ಬೇಗ ತಿರುಗುತ್ತೆ. ಎತ್ತರದ ಕಾರಾದರೆ ಇನ್ನೂ ಜಾಸ್ತಿ. ಈಗಿನ ವ್ಯಾಗನ್‌ಆರ್ ಅಗಲ 1,620 ಮಿಲಿಮೀಟರ್, ಎತ್ತರ 1,675. ಬಸ್ಸು ನಿಮ್ಮನ್ನು ದಾಟುವಾಗ ಅದರ ಮೂತಿಯ ಗಾಳಿ ಮೊದಲು ಆಚೆ ನೂಕುತ್ತೆ, ಪಕ್ಕಕ್ಕೆ ಬಂದಾಗ ಒಳಕ್ಕೆ ಎಳೆಯುತ್ತೆ. ಆಗ ಗಾಬರಿಯಿಂದ ಸ್ಟಿಯರಿಂಗ್ ಬಿಗಿ ಹಿಡಿದು ತಿದ್ದಲು ಹೋದರೆ ಹೊಯ್ದಾಟ ಹೆಚ್ಚುತ್ತೆ. ಎರಡೂ ಕೈ ಇರಲಿ, ಸಡಿಲವಾಗಿರಲಿ.

ಆಷಾಢದಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆ ಹತ್ತಿದರೆ ನನ್ನ ಕಾರು ಈಗಲೂ ಒಂದು ಸಲ ಜಗ್ಗುತ್ತೆ. ನಾನು 80ಕ್ಕೆ ಇಳಿಸಿ ಎಡಕ್ಕೆ ಬರುತ್ತೇನೆ, ಅಷ್ಟೇ. ನಿಮ್ಮದು ಗಾಳಿ ಬೀಸದ ದಿನ, ನೀವೊಬ್ಬರೇ ಇದ್ದಾಗಲೂ ಅಲೆದಾಡುತ್ತಾ? ಹಾಗಿದ್ದರೆ ನಾಳೆ ಬೆಳಿಗ್ಗೆ ಗೇಜ್ ಹಿಡಿದು ಹಿಂದಿನ ಟೈರಿಂದ ಶುರು ಮಾಡಿ.