ಚರ್ಚ್ ಕಟ್ಟಡದ ಗುರಿ, ಜನರ ಕಷ್ಟ: ಸಭಾಪಾಲಕನಾಗಿ ಎರಡನ್ನೂ ಹೇಗೆ ಸರಿದೂಗಿಸಲಿ?

ಕಟ್ಟಡ ಅರ್ಧಕ್ಕೆ ನಿಂತಿದೆ, ಮೇಲಿನವರು ವರದಿ ಕೇಳುತ್ತಿದ್ದಾರೆ, ಕೆಲವು ಕುಟುಂಬಗಳು ಆರಾಧನೆಗೆ ಬರುವುದನ್ನೇ ಬಿಟ್ಟಿವೆ ಎಂದು ಬರೆದಿದ್ದೀರಿ. ಗದಗ ಜಿಲ್ಲೆಯ ಒಂದು ಸಣ್ಣ ಸಭೆಯಲ್ಲಿ ನಾನೂ ಹೀಗೆಯೇ ಇದ್ದೆ. ಚಾವಣಿಗೆ ಕಾಂಕ್ರೀಟ್ ಹಾಕುವ ದಿನ ನಿಗದಿಯಾಗಿತ್ತು, ಸಿಮೆಂಟಿಗೆ ಹಣ ಸಾಲದಾಗಿತ್ತು. ಕಾಣಿಕೆ ಕೊಡುತ್ತೇವೆಂದು ಮಾತು ಕೊಟ್ಟವರ ಪಟ್ಟಿ ಹಿಡಿದು ಮನೆಮನೆಗೆ ಹೊರಟೆ.

ಪಟ್ಟಿಯಲ್ಲಿ ಒಬ್ಬ ನೇಕಾರರಿದ್ದರು. ಅವರ ಮನೆಯಲ್ಲಿ ಮಗ್ಗ ನಿಂತುಹೋಗಿತ್ತು. ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಿಟಕಿಯ ತುಂಬ ಮಾತ್ರೆ, ಔಷಧದ ಬಾಟಲಿ. ನಾನು ಕೂತು ರಸೀದಿ ಪುಸ್ತಕ ತೆಗೆದೆ. “ಮುಂದಿನ ವಾರ ಕೊಡುತ್ತೇನೆ, ಅಯ್ಯನವರೇ” ಎಂದರು. “ಚಾವಣಿ ಶನಿವಾರವೇ ಇದೆಯಲ್ಲ” ಎಂದೆ. ಅವರು ಪಕ್ಕದ ಮನೆಗೆ ಹೋಗಿ ಹಣ ತಂದುಕೊಟ್ಟರು. ಪ್ರಾರ್ಥನೆ ಮಾಡಿ ಎದ್ದೆ.

ಹಣ ಕೇಳಿದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ, ಸಭೆಯ ಕೆಲಸಕ್ಕೆ ಕೇಳಲೇಬೇಕು. ಆ ತಾಯಿಯ ಕಾಯಿಲೆ ನನಗೆ ಕಾಣಲಿಲ್ಲವೆಂದೂ ಅಲ್ಲ. ಕಂಡಿತ್ತು. ವಿಚಾರಿಸಿದರೆ ಮಾತು ಬೆಳೆಯುತ್ತದೆ, ಕತ್ತಲಾಗುವುದರೊಳಗೆ ಇನ್ನೂ ಕೆಲವು ಮನೆ ಮುಗಿಸಬೇಕು ಎಂಬ ಲೆಕ್ಕದಲ್ಲಿ ಬೇಕೆಂದೇ ಕೇಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಪ್ರಾರ್ಥನೆ. ರೋಗಿಯ ಮಂಚದ ಪಕ್ಕದಲ್ಲಿ ನಿಂತು ಕಟ್ಟಡಕ್ಕಾಗಿ ಬೇಡಿದೆ, ಆಕೆಯ ಹೆಸರೆತ್ತಲಿಲ್ಲ. ಗಂಡ, ಹೆಂಡತಿ ಇಬ್ಬರೂ ಅದನ್ನು ಕೇಳಿಸಿಕೊಂಡರು. ಆಕೆ ತೀರಿಕೊಂಡಾಗ ಮಣ್ಣಿಗೆ ನನ್ನನ್ನು ಕರೆಯಲಿಲ್ಲ, ಪಕ್ಕದ ಊರಿನ ಸಭಾಪಾಲಕರನ್ನು ಕರೆಸಿದರು. ಆ ಮನೆಯವರು ಮತ್ತೆ ನಮ್ಮ ಸಭೆಗೆ ಬರಲಿಲ್ಲ.

ಆದ್ದರಿಂದ ಸರಿದೂಗಿಸುವ ಮಾತನ್ನೇ ನಾನು ಒಪ್ಪುವುದಿಲ್ಲ. ಮಾರ್ಕನ ಸುವಾರ್ತೆಯ 6ನೆಯ ಅಧ್ಯಾಯ ತೆಗೆಯಿರಿ. ಶಿಷ್ಯರು ತಾವು ಮಾಡಿದ್ದನ್ನೂ ಬೋಧಿಸಿದ್ದನ್ನೂ ಯೇಸುವಿಗೆ ಒಪ್ಪಿಸುತ್ತಾರೆ. ಆತನು ಎಷ್ಟು ಊರು, ಎಷ್ಟು ಜನ ಎಂದು ಕೇಳುವುದಿಲ್ಲ. ಊಟಕ್ಕೂ ಬಿಡುವಿಲ್ಲದ ಅವರನ್ನು ದಣಿವಾರಿಸಿಕೊಳ್ಳಲು ಕರೆಯುತ್ತಾನೆ. ಅಲ್ಲಿಗೂ ಜನ ಬಂದಾಗ, ಕುರುಬನಿಲ್ಲದ ಕುರಿಗಳಂತಿದ್ದ ಅವರನ್ನು ಕಂಡು ಕನಿಕರಪಡುತ್ತಾನೆ. ಬೋಧನೆ ಶುರುವಾಗುವುದು ಆ ಕನಿಕರದಿಂದ. ಕೆಲಸ ಒಂದು ಕಡೆ, ಕನಿಕರ ಇನ್ನೊಂದು ಕಡೆ ಎಂಬುದು ನಾವು ಹುಟ್ಟಿಸಿಕೊಂಡ ಜಗಳ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ದೀಕ್ಷಾಸ್ನಾನದ ಲೆಕ್ಕ ಬರೆದು ಸುಮ್ಮನಾಗಬಹುದಿತ್ತು. ಆದರೆ ಕ್ರೈಸ್ತರಾದವರು ಜಾತಿಯವರಿಂದ ದೂರವಾಗಿ, ಕಸುಬು ಕಳೆದುಕೊಂಡಿದ್ದರು. ಅವರ ಹೊಟ್ಟೆಪಾಡಿನ ಚಿಂತೆಯಿಂದಲೇ ನೇಯ್ಗೆ ಶುರುವಾಯಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಬಂತು.

ಬರುವುದನ್ನು ಬಿಟ್ಟ ಆ ಕುಟುಂಬಗಳ ಮನೆಗೆ ಈ ವಾರವೇ ಹೋಗಿ. ಯಾಕೆ ಬರಲಿಲ್ಲವೆಂದು ಕೇಳಬೇಡಿ, ಹೇಗಿದ್ದೀರಿ ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕೂತಿರಿ. ಚಾವಣಿ ತಡವಾದರೆ ತಗಡಿನ ಕೆಳಗೆ ಆರಾಧನೆ ನಡೆಸಿ. ಈ ಭೇಟಿಗಳನ್ನು ಮಾತ್ರ ವರದಿಯಲ್ಲಿ ಬರೆಯಬೇಡಿ. ಬರೆದರೆ ಮುಂದಿನ ವರ್ಷ ಅದಕ್ಕೂ ಒಂದು ಗುರಿ ಬರುತ್ತದೆ.